ದಿಮ್ಮಿಯ ಮೇಲಿನ ಲೋಳೆ ಅಣಬೆ: ಯಾವುದು ಯಾವುದು?

ಆಗುಂಬೆಯ ಮಳೆಗೆ ಕೊಳೆತ ದಿಮ್ಮಿಯ ಮೇಲೆ ಲೋಳೆಲೋಳೆಯಾಗಿ ಎದ್ದದ್ದೆಲ್ಲ ಒಂದೇ ಅಣಬೆಯಲ್ಲ. ಕಂದು ಬಣ್ಣ, ಕಿವಿಯಾಕಾರ, ಮುಟ್ಟಿದರೆ ರಬ್ಬರು, ಹೊರಮೈಗೆ ನವಿರು ರೋಮ ಇದ್ದರೆ ಆರಿಕ್ಯುಲೇರಿಯಾ, ಇದು ಸುಲಭ.

ತಲೆನೋವು ಹಳದಿಯವು. ಡ್ಯಾಕ್ರಿಯೋಪಿನಾಕ್ಸ್ ಮರದ ಬಿರುಕಿನಿಂದ ಸಾಲಾಗಿ ಏಳುವ, ಒಂದೆರಡು ಸೆಂಟಿಮೀಟರಿನ ಪುಟಾಣಿ ಸಟ್ಟುಗ. ಕಿತ್ತಳೆ ಛಾಯೆ, ಕೆಳಗೆ ತೊಟ್ಟು. ಹಳದಿ ಟ್ರೆಮೆಲ್ಲಾಕ್ಕೆ ತೊಟ್ಟಿಲ್ಲ, ಮಿದುಳಿನಂತೆ ಮಡಿಕೆ ಮಡಿಕೆ. ಅದು ತಿನ್ನುವುದು ಮರವನ್ನಲ್ಲ, ಮರ ತಿನ್ನುವ ಇನ್ನೊಂದು ಶಿಲೀಂಧ್ರವನ್ನು! (ಕಳ್ಳನ ಮನೆಗೇ ಕನ್ನ.) ಹಾಗಾಗಿ ಪಕ್ಕದಲ್ಲೇ ತೊಗಟೆಗಂಟಿದ ತೆಳು ಶಿಲೀಂಧ್ರದ ಪದರ ಕಂಡರೆ ನನ್ನ ಮತ ಟ್ರೆಮೆಲ್ಲಾಕ್ಕೆ.

ಒಣಗಿ ಮುರುಟಿದ್ದರೆ ಆಕಾರ ನಂಬಬೇಡಿ. ನೀರು ಚಿಮುಕಿಸಿ, ಉಬ್ಬಿದ ಮೇಲೆ ನೋಡಿ. ಆಗಲೂ ಅನುಮಾನವೇ? ಸೂಕ್ಷ್ಮದರ್ಶಕದಲ್ಲಿ ಡ್ಯಾಕ್ರಿಯೋಪಿನಾಕ್ಸಿನ ಬೀಜಕ ಹೊರುವ ಕೋಶ ಕವೆಗೋಲಿನಂತೆ ಎರಡಾಗಿ ಕವಲೊಡೆದಿರುತ್ತದೆ. ಸಾರಿಗೆ ಹಾಕುವ ಯೋಚನೆಯಿದ್ದರೆ ಮಾತ್ರ ಇಷ್ಟು ಗುರುತು ಸಾಲದು.