ಬಿದ್ದ ಮಿಡಿಮರಕ್ಕೆ ಕಸಿ ಕಟ್ಟಿಸಿದ್ದು: ಐದಕ್ಕೆ ಮೂರೂವರೆ

ನರ್ಸರಿಯ ಹೆಸರು ಬರೆಯುವುದಿಲ್ಲ. ಹೊಗಳಿಕೆಯ ಜೊತೆ ಸ್ವಲ್ಪ ಬೈಗುಳವೂ ಇದೆ.

ನಮ್ಮ ಹೊಳೆಯಂಚಿನ ಜೀರಿಗೆ ಮಿಡಿ ಮರ (ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನದೇ ಒಂದು ಬಗೆ) ಬಿದ್ದದ್ದು 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತದ ಗಾಳಿಗೆ. ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗಲೇ ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪವಿತ್ತಂತೆ. ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮಿ, ಎರಡು ದಿನ ಕೈ ತೊಳೆದರೂ ಜೀರಿಗೆ ಪರಿಮಳ. ಅಪ್ಪೆಮಿಡಿಗೆ ಜಿಐ, ಅಂದರೆ ಊರಿನ ವಿಶೇಷವೆಂಬ ಭೌಗೋಳಿಕ ಗುರುತಿನ ಮಾನ್ಯತೆ ಇದೆ ಅಂತ ಗಾಳಿ ಬಿಡುತ್ತದೆಯೇ? ಬುಡಮೇಲಾಗಿ ಹೊಳೆಗೆ ಅಡ್ಡ ಮಲಗಿತ್ತು. ಸೌದೆಗೆ ಲೆಕ್ಕ ಹಾಕಲು ಬಂದವರನ್ನು ಅತ್ತೆ ದಣಪೆಯಿಂದಲೇ ವಾಪಸು ಕಳಿಸಿದರು.

ಗೊರಟು ನೆಟ್ಟರೆ ಸಸಿ ಬರುತ್ತದೆ, ಅದೇ ಮರ ಬರುವುದಿಲ್ಲ. ಯಾವ ಮರದ ಪರಾಗ ಬಿದ್ದಿತ್ತೋ, ಯಾವ ರುಚಿಯೋ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಪ್ಪೆಮಿಡಿ ತಳಿಗಳ ಸಂಗ್ರಹವೇ ಇದೆ, ಆದರೆ ನಮ್ಮ ಮನೆ ಮರದ ಕುಡಿ ಅಲ್ಲಿಗೆ ಹೋದದ್ದಿಲ್ಲ. ಹಾಗಾಗಿ ಬಾಡುವ ಮೊದಲೇ ಕಸಿ ಕಟ್ಟಿಸಬೇಕಿತ್ತು. ಲಾಕ್‌ಡೌನ್ ಬೇರೆ, ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಪೇಟೆ. ನರ್ಸರಿಯವರಿಗೆ ಫೋನ್ ಮಾಡಿದೆ. "ಅಕ್ಕಾ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಕೊಯ್ಯಿರಿ. ಎಲೆ ಕತ್ತರಿಸಿ, ತೊಟ್ಟು ಕಡ್ಡಿಯಲ್ಲೇ ಇರಲಿ. ಒದ್ದೆ ಬಟ್ಟೆ ಸುತ್ತಿ ತನ್ನಿ, ನೀರಲ್ಲಿ ಮಾತ್ರ ಮುಳುಗಿಸಬೇಡಿ" ಅಂದರು. ಇಷ್ಟು ಬಿಡಿಸಿ ಹೇಳಿದ್ದಕ್ಕೇ ಅರ್ಧ ಅಂಕ. ಬೆಳಿಗ್ಗೆ ಆರಕ್ಕೆ ಮನೆಯವರು ಸ್ಕೂಟರ್ ಹೊರಡಿಸಿದರು, ನಾನು ಹಿಂದೆ ಕಟ್ಟು ತಬ್ಬಿಕೊಂಡು ಕೂತೆ.

ಅವರ ಕೈಚಳಕ ನೋಡಬೇಕು. ಕಾಟುಮಾವಿನ (ಕಾಡುಮಾವಿನ) ಎಳೆ ಸಸಿಯ ತಲೆ ತೆಗೆದು, ನಡುವೆ ಸೀಳಿ, ನಮ್ಮ ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೊಂದು ಐಸ್‌ಕ್ಯಾಂಡಿ ಕವರಿನ ಟೊಪ್ಪಿ. ಒಂದಕ್ಕೆ ಎರಡು ನಿಮಿಷವೂ ಬೇಡ. ಗಿಡಕ್ಕೆ 80 ರೂಪಾಯಿ, ಅದೂ ಹಿಡಿದದ್ದಕ್ಕೆ ಮಾತ್ರ. 20 ಕಟ್ಟಿದರು, ಹಿಡಿದದ್ದು 7. ಇದಕ್ಕೆ ನನ್ನ ತಕರಾರಿಲ್ಲ. ಕಡ್ಡಿ ಕೊಯ್ಯುವ ವಾರ, ಹತ್ತು ದಿನ ಮೊದಲೇ ಮರದಲ್ಲೇ ಎಲೆ ಸವರಿ, ಮೊಗ್ಗು ಉಬ್ಬಲು ಬಿಡುವುದು ಕ್ರಮ. ಬಿದ್ದ ಮರಕ್ಕೆ ಆ ಪುರುಸೊತ್ತು ಎಲ್ಲಿತ್ತು?

ತಕರಾರು ಆಮೇಲಿನದು. ಮರುವರ್ಷ ಜೂನ್‌ನಲ್ಲಿ ಗಿಡ ಕೊಟ್ಟರು, ಕಸಿಯ ಪಟ್ಟಿ ಬಿಚ್ಚಿರಲೇ ಇಲ್ಲ. ಬಿಚ್ಚಬೇಕೆಂದು ಹೇಳಲೂ ಇಲ್ಲ. ಗಿಡ ದಪ್ಪವಾದಂತೆ ಪಟ್ಟಿ ತೊಗಟೆಯೊಳಗೆ ಕಚ್ಚಿ, ಒಂದು ಗಿಡ ಸರಿಯಾಗಿ ಆ ಜಾಗದಲ್ಲೇ ಲಟಕ್ಕನೆ ಮುರಿಯಿತು. ಇನ್ನೊಂದು ಎಲ್ಲಕ್ಕಿಂತ ಸೊಂಪಾಗಿ ಬಂತು, ಬೀಗಿಕೊಂಡು ಗೊಬ್ಬರ ಹಾಕಿದ್ದೇ ಹಾಕಿದ್ದು. ಎರಡನೇ ವರ್ಷ ಎಲೆ ಉಜ್ಜಿ ಮೂಸಿದರೆ ಜೀರಿಗೆಯ ಸುಳಿವೇ ಇಲ್ಲ! ಕಸಿಯ ಕೆಳಗಿನ ಕಾಟುಮಾವು ಚಿಗುರಿ ನಮ್ಮ ಕುಡಿಯನ್ನು ಒಣಗಿಸಿತ್ತು. ಫೋನ್ ಮಾಡಿದರೆ, "ಕೆಳಗಿನ ಚಿಗುರು ಆಗಾಗ ಚಿವುಟಬೇಕಿತ್ತು ಅಕ್ಕಾ." ಕಡ್ಡಿಯ ಬಗ್ಗೆ ಅಷ್ಟೆಲ್ಲ ಹೇಳಿದವರಿಗೆ ಗಿಡದ ಬಗ್ಗೆ ಒಂದು ಚೀಟಿ ಬರೆದುಕೊಡಲು ಏನಾಗಿತ್ತು? ಒಂದೂವರೆ ಅಂಕ ಹೋದದ್ದು ಇಲ್ಲೇ. (ಮೂರನೆಯದನ್ನು ಕಾಡುಕೋಣ ತುಳಿಯಿತು. ಅದನ್ನು ಅವರ ತಲೆಗೆ ಕಟ್ಟುವುದಿಲ್ಲ.)

ಉಳಿದದ್ದು ನಾಲ್ಕು. ಎಳೆ ಗಿಡ ಸೊರಗಬಾರದೆಂದು ಮೊದಲು ಬಂದ ಹೂವನ್ನೆಲ್ಲ ಕಿತ್ತೆ. 2025ರಲ್ಲಿ ಅತ್ತೆಯ ಕಾಟ ತಾಳಲಾರದೆ ಒಂದು ಗೊಂಚಲು ಬಿಟ್ಟೆ. ಮಾರ್ಚಿಗೆ ಮೂರು ಮಿಡಿ. ಅತ್ತೆ ಅಟ್ಟದಿಂದ ಪುಟ್ಟ ಭರಣಿ ಇಳಿಸಿದರು. ಹಳೆಯ ಮರದ ಕೊನೆಯ ಫಸಲನ್ನು, ಅದು ಕೊನೆಯದೆಂದು ಗೊತ್ತಿಲ್ಲದೆ, ಉಪ್ಪುನೀರಲ್ಲಿ ಹಾಕಿಟ್ಟದ್ದು. ಹೊಸದರ ತೊಟ್ಟು ಮುರಿದು ಮೂಸಿದರು, ಭರಣಿ ಮೂಸಿದರು, ಮತ್ತೆ ಹೊಸದನ್ನು.

"ಅದೇ" ಅಂದರು. ಸ್ವಲ್ಪ ತಡೆದು, "ಘಾಟು ಸಾಲದು."

ಕಟ್ಟಿಸುವವರಿಗೆ: ಮರ ನಿಂತಿರುವಾಗಲೇ ಹೋಗಿ, ಮಳೆ ಹಿಡಿಯುವ ಮೊದಲು. ಪಟ್ಟಿ ಯಾವಾಗ ಬಿಚ್ಚಬೇಕೆಂದು ಅಲ್ಲೇ ನಿಂತು ಕೇಳಿ. ಬೆಳಿಗ್ಗೆಯೇ ಫೋನ್ ಮಾಡಿ, ಮಧ್ಯಾಹ್ನ ಮಲಗಿರುತ್ತಾರೆ.