ಚೆಕ್‌ಸಮ್ ತಾಳೆಯಾಗಲಿಲ್ಲ ಅಂತ ಲಾಕ್ ಫೈಲ್ ಅಳಿಸಬೇಡಿ

ನಾನು ಅಳಿಸಿದೆ. ಎರಡು ದಿನ ಹಾಳಾಯಿತು. ಲಾಕ್ ಫೈಲ್ ಅಂದರೆ ನಮ್ಮ ಪ್ರಾಜೆಕ್ಟ್‌ಗೆ ಬೇಕಾದ ಪ್ಯಾಕೇಜ್‌ಗಳ (ಬೇರೆಯವರು ಬರೆದ ಕೋಡ್ ಕಟ್ಟುಗಳ) ಆವೃತ್ತಿ ಯಾವುದು, ಚೆಕ್‌ಸಮ್ ಏನು ಅಂತ ಬರೆದಿಟ್ಟ ಪಟ್ಟಿ. ಚೆಕ್‌ಸಮ್ ಅಥವಾ ಹ್ಯಾಶ್ ಅಂದರೆ ಫೈಲ್ ಒಳಗಿರುವುದರಿಂದ ಲೆಕ್ಕಹಾಕಿದ ಗುರುತು, ಫೈಲ್ ಚೂರು ಬದಲಾದರೂ ಅದು ಬೇರೆಯಾಗುತ್ತದೆ.

ಬಿಲ್ಡ್ (ಕೋಡನ್ನು ಜೋಡಿಸಿ ಪ್ರೋಗ್ರಾಂ ತಯಾರಿಸುವ ಕೆಲಸ) ಒಂದು ಪ್ಯಾಕೇಜ್ ಹತ್ತಿರ ಬಂದು ನಿಂತಿತು. ಚೆಕ್‌ಸಮ್ ತಾಳೆಯಾಗುತ್ತಿಲ್ಲ, ಬೇಕಿದ್ದದ್ದು ಇದು, ಸಿಕ್ಕಿದ್ದು ಇದು. ಕೆಳಗೆ 64 ಅಕ್ಷರಗಳ ಎರಡು ಸಾಲು. ಮೊದಲ ನಾಲ್ಕಕ್ಷರ ಹೋಲಿಸಿ ನೋಡಿದೆ. ಬೇರೆ ಬೇರೆ. ಅದನ್ನು ಎರರ್ ಮೆಸೇಜೇ ಹೇಳಿತ್ತಲ್ಲ! ಯಾಕೆ ಬೇರೆ ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಕ್ಯಾಶ್ ಖಾಲಿ ಮಾಡಿದೆ, ಪ್ರಯೋಜನವಾಗಲಿಲ್ಲ. ಲಾಕ್ ಫೈಲ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಎರರ್ ಮಾಯ. ಖುಷಿಯಾಗಿ ಕಮಿಟ್ ಮಾಡಿ ಎದ್ದೆ.

ಮರುದಿನ ರಿಪೋರ್ಟ್‌ನಲ್ಲಿ ತಾರೀಖುಗಳೆಲ್ಲ ಒಂದು ದಿನ ಹಿಂದೆ. ಲಾಕ್ ಫೈಲ್ ಹೋದ ಮೇಲೆ ಸಿಕ್ಕಸಿಕ್ಕ ಪ್ಯಾಕೇಜ್‌ಗಳೆಲ್ಲ ಹೊಸ ಆವೃತ್ತಿಗೆ ಜಿಗಿದಿದ್ದವು. ಅದರಲ್ಲಿ ತಾರೀಖು ನೋಡಿಕೊಳ್ಳುವ ಲೈಬ್ರರಿಯೂ ಒಂದು. ಕೆಟ್ಟ ಫೈಲ್ ಸರಿಹೋಗಿರಲೇ ಇಲ್ಲ. ಅದರ ಮುಂದಿನ ಆವೃತ್ತಿ ಬಂದಿದ್ದರಿಂದ ಆ ಫೈಲನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಆಮೇಲೆ ಆ ಹಳೆಯ ಫೈಲನ್ನು ಕೈಯಿಂದಲೇ ಡೌನ್‌ಲೋಡ್ ಮಾಡಿದೆ. ಒಂದೂವರೆ ಎಂಬಿ ಇರಬೇಕಾದದ್ದು 4 ಕೆಬಿ ಇತ್ತು. ತೆರೆದು ನೋಡಿದರೆ ಒಂದು ಲಾಗಿನ್ ಪುಟ! ಪ್ಯಾಕೇಜ್‌ಗಳ ನಕಲು ಇಟ್ಟುಕೊಳ್ಳುವ ನಮ್ಮ ಒಳಗಿನ ಮಿರರ್ ಸರ್ವರ್ ಮೂಲದಿಂದ ಫೈಲ್ ತರುವಾಗ ಪ್ರಾಕ್ಸಿ (ನಮಗೂ ಇಂಟರ್‌ನೆಟ್‌ಗೂ ನಡುವೆ ಇರುವ ಸರ್ವರ್) ಅಡ್ಡ ಬಂದು, 200 ಸ್ಟೇಟಸ್ ಜೊತೆಗೆ ಲಾಗಿನ್ ಪುಟ ಕೊಟ್ಟು ಕಳಿಸಿತ್ತು. 200 ಅಂದರೆ ಎಲ್ಲ ಸರಿ ಅಂತ ತಾನೇ? ಮಿರರ್ ಅದನ್ನೇ ಪ್ಯಾಕೇಜ್ ಅಂತ ಜೋಪಾನವಾಗಿ ಇಟ್ಟುಕೊಂಡಿತ್ತು.

"4 ಕೆಬಿ ಬಂದಿದೆ, ಇದು ಎಚ್‌ಟಿಎಂಎಲ್" ಅಂತ ಒಂದು ಸಾಲು ಇದ್ದಿದ್ದರೆ ಒಂದೇ ನಿಮಿಷದ ಕೆಲಸ.

ಪ್ಯಾಕೇಜ್ ಇಳಿಸುವ ಎಲ್ಲ ಟೂಲ್‌ಗಳೂ ಹೀಗೆ ಅಂತಲ್ಲ. ಎನ್‌ಪಿಎಂ ಎಷ್ಟು ಬೈಟ್ ಬಂತು ಅನ್ನೋದನ್ನು ಕೊನೆಯಲ್ಲಿ ಹೇಳುತ್ತದೆ. ಹೋಮ್‌ಬ್ರೂ ಫೈಲ್ ಎಲ್ಲಿದೆ ಅಂತ ತೋರಿಸುತ್ತದೆ. ಗೋ ನೇರವಾಗಿ ಸೆಕ್ಯುರಿಟಿ ಎರರ್ ಅಂತಲೇ ಕೂಗುತ್ತದೆ. ಪಿಪ್ ಯಾರೋ ಕೈಯಾಡಿಸಿರಬಹುದು ಅಂತ ಎಚ್ಚರಿಸುತ್ತದೆ, ಆದರೆ ಅದಕ್ಕೂ ಮೊದಲು, ಆವೃತ್ತಿ ಬದಲಿಸಿದ್ದರೆ ಹ್ಯಾಶ್ ಬದಲಿಸಿ ಅನ್ನುತ್ತದೆ. ಅವಸರದಲ್ಲಿರುವವರು ಅಲ್ಲಿಗೇ ಓದೋದು ನಿಲ್ಲಿಸುತ್ತಾರೆ. "ಸಿಕ್ಕಿದ್ದು ಇದು" ಅಂತ ಕಾಪಿ ಮಾಡೋಕೆ ಅನುಕೂಲವಾಗಿ ಕೊಟ್ಟರಂತೂ ಮುಗೀತು, ಅದನ್ನೇ "ಬೇಕಿದ್ದದ್ದು" ಇರುವ ಜಾಗಕ್ಕೆ ಪೇಸ್ಟ್ ಮಾಡುತ್ತೇವೆ. ಅಲ್ಲಿಗೆ ಕಾವಲುಗಾರನಿಗೆ ನಾವೇ ರಜೆ ಕೊಟ್ಟ ಹಾಗೆ.

ಹಾಗಂತ ಪ್ರತಿ ಸಲವೂ ಕಳ್ಳನೇ ಬಂದಿರುವುದಿಲ್ಲ. 2023ರ ಜನವರಿ 30ರಂದು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ತಾನಾಗಿ ತಯಾರಾಗುವ ಆರ್ಕೈವ್‌ಗಳ (ಕೋಡನ್ನೆಲ್ಲ ಒಟ್ಟುಗೂಡಿಸಿದ ಫೈಲ್‌ಗಳ) ಕಂಪ್ರೆಷನ್ ವಿಧಾನ ಬದಲಾಯಿತು. ಒಳಗಿನ ಕೋಡ್ ಒಂದಕ್ಷರವೂ ಬದಲಾಗಿರಲಿಲ್ಲ, ಆದರೂ ಹ್ಯಾಶ್ ಬೇರೆಯಾಗಿ ಎಷ್ಟೋ ಜನರ ಬಿಲ್ಡ್ ನಿಂತುಹೋಯಿತು. ಕೊನೆಗೆ ಆ ಬದಲಾವಣೆಯನ್ನು ಅವರು ವಾಪಸ್ ತೆಗೆದುಕೊಂಡರು. ಲಾಗಿನ್ ಪುಟ, ಅರ್ಧಕ್ಕೆ ನಿಂತ ಡೌನ್‌ಲೋಡ್, ಹೊಸ ಕಂಪ್ರೆಷನ್, ನಿಜವಾದ ದಾಳಿ, ನಾಲ್ಕಕ್ಕೂ ಒಂದೇ ಮೆಸೇಜ್ ಬಂದರೆ ಏನಂತ ತಿಳಿಯೋದು?

ಆದ್ದರಿಂದ ಈ ಎರರ್ ಬಂದಾಗ ಮೊದಲು ಬಂದ ಫೈಲನ್ನೇ ನೋಡಿ. ಗಾತ್ರ ಎಷ್ಟು, ಯಾವ ಬಗೆಯದು, ರೀಡೈರೆಕ್ಟ್ ಎಲ್ಲ ಮುಗಿದ ಮೇಲೆ ಯಾವ ಯುಆರ್‌ಎಲ್‌ನಿಂದ ಬಂತು. ಬೇರೆ ನೆಟ್‌ವರ್ಕ್‌ನಿಂದಲೂ ಒಮ್ಮೆ ಇಳಿಸಿ ನೋಡಿ. ಲಾಕ್ ಫೈಲ್ ಅಲ್ಲೇ ಇರಲಿ.

ನಮ್ಮದೇ ಒಂದು ಡೌನ್‌ಲೋಡ್ ಸ್ಕ್ರಿಪ್ಟ್ ಕೂಡ ಬರೀ ಎರಡು ಹ್ಯಾಶ್ ತೋರಿಸುತ್ತಿತ್ತು. ಅದನ್ನು ಬದಲಿಸಿದೆ. ಈಗ ಅದು ಹೀಗೆ ಹೇಳುತ್ತದೆ: "ಮಿರರ್‌ನಿಂದ 4 ಕೆಬಿ ಬಂತು, ಎಚ್‌ಟಿಎಂಎಲ್ ಥರ ಕಾಣುತ್ತಿದೆ, ಪ್ಯಾಕೇಜ್ ಅಲ್ಲ." ಕಳೆದ ವಾರ ಸಹೋದ್ಯೋಗಿಯೊಬ್ಬರಿಗೆ ಇದೇ ಬಂತು. ಅವರು ಲಾಕ್ ಫೈಲ್ ಮುಟ್ಟಲಿಲ್ಲ, ಮಿರರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದರು.