ಹುಲ್ಲು ತೆಗೆಯುವ ಯಂತ್ರ ಗಿಡದ ಬುಡಕ್ಕೆ ಬಾರದಿರಲಿ

ಸಾರ್ವಜನಿಕ ಮೈದಾನ, ಶಾಲೆಯ ಆವರಣಗಳ ಗಿಡಮರಗಳ ಆರೈಕೆಯನ್ನು ಗುತ್ತಿಗೆಗೆ ಕೊಡಲಿರುವವರು ಕರಾರಿಗೆ ಸಹಿ ಹಾಕುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ನಮ್ಮ ಊರಿನ ಮೈದಾನದಲ್ಲಿ ಜೂನ್ 5ರ ಪರಿಸರ ದಿನದಂದು ನೆಟ್ಟು, ಬರೀ ಮುರಕಲ್ಲಿನ ನೆಲದಲ್ಲಿ ಮಕ್ಕಳು ನೀರು ಹೊತ್ತು ಬೇಸಗೆ ದಾಟಿಸಿ, ಆಳೆತ್ತರಕ್ಕೆ ತಂದಿದ್ದ ರೆಂಜೆ, ನೇರಳೆ, ಹೊಂಗೆ ಗಿಡಗಳಲ್ಲಿ ಹೆಚ್ಚಿನವು ಕಳೆದ ಬೇಸಗೆಯಲ್ಲಿ ಒಂದೊಂದಾಗಿ ಒಣಗಿಹೋದವು.

ಬಿಸಿಲು ಜಾಸ್ತಿಯಾಯಿತೆಂದು ಕೆಲವರು ಹೇಳಿದರು. ಗೆದ್ದಲು ಹಿಡಿದಿದೆ ಎಂದ ಗುತ್ತಿಗೆದಾರರು ಅದರ ಮದ್ದಿಗೆ ಬೇರೆ ಹಣ ಕೇಳಿದರು. ಬುಡದ ಒಣಹುಲ್ಲನ್ನು ಸರಿಸಿ ನೋಡಿದಾಗ, ನೆಲದಿಂದ ನಾಲ್ಕು ಬೆರಳು ಮೇಲೆ ತೊಗಟೆ ಸುತ್ತಲೂ ಕಿತ್ತುಹೋಗಿ ಒಳಗಿನ ಮರ ಬೂದುಬಣ್ಣಕ್ಕೆ ತಿರುಗಿತ್ತು, ಗಾಯದ ಮೇಲಂಚು ದಪ್ಪ ಬಳೆ ತೊಡಿಸಿದಂತೆ ಊದಿಕೊಂಡಿತ್ತು. ಆಗಸ್ಟ್ 15ರ ಧ್ವಜಾರೋಹಣಕ್ಕೆಂದು ಹುಲ್ಲು ತೆಗೆಸಿದಾಗ ವೀಡ್ ಕಟ್ಟರಿನ ನೈಲಾನ್ ಹುರಿ ಮಾಡಿದ ಗಾಯವದು. ಗೆದ್ದಲು ಬಂದದ್ದು ಆಮೇಲೆ, ಸತ್ತ ಮರಕ್ಕೆ.

ಈ ಪೆಟ್ಟು ಮೋಸಗೊಳಿಸುವುದು ಹೀಗೆ. ಬೇರು ಹೀರಿದ ನೀರು ಒಳಗಿನ ಮರದಲ್ಲಿ ಮೇಲೇರುತ್ತದೆ. ಎಲೆಗಳು ತಯಾರಿಸಿದ ಆಹಾರ ಮಾತ್ರ ತೊಗಟೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ. ತೊಗಟೆ ಸುತ್ತಲೂ ಹೋದರೆ ಆಹಾರ ಗಾಯದ ಮೇಲೆಯೇ ನಿಂತು ಆ ಭಾಗ ಊದಿಕೊಳ್ಳುತ್ತದೆ, ಬೇರು ಉಪವಾಸ ಬೀಳುತ್ತದೆ, ಆದರೆ ನೀರು ಏರುತ್ತಲೇ ಇರುವುದರಿಂದ ಎಲೆಗಳು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತವೆ. ಮಳೆಗಾಲದಲ್ಲಿ ಆದ ಗಾಯದ ಫಲ ಕಾಣುವುದು ಫೆಬ್ರವರಿ, ಮಾರ್ಚಿನ ಹೊತ್ತಿಗೆ. ಅಷ್ಟರಲ್ಲಿ ಗುತ್ತಿಗೆಯ ಹಣ ಸಂದಾಯವಾಗಿ ಕಡತ ಮುಚ್ಚಿರುತ್ತದೆ. ಸುತ್ತಳತೆಯ ಕಾಲುಭಾಗಕ್ಕಿಂತ ಕಡಿಮೆ ತೊಗಟೆ ಹೋಗಿದ್ದರೆ ಗಿಡ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ನಮ್ಮಲ್ಲಿ ಉಳಿದವು ಅಂಥವೇ.

ಯಂತ್ರದ ಬದಲು ಬುಡಕ್ಕೆ ಕಳೆನಾಶಕ ಹೊಡೆಯೋಣವೆಂಬ ಸಲಹೆ ಬಂದರೆ ದಯವಿಟ್ಟು ಒಪ್ಪಬೇಡಿ. ಎಳೆಯ ಗಿಡದ ಹಸಿರು ತೊಗಟೆ ಆ ವಿಷವನ್ನು ಹೀರಿಕೊಳ್ಳಬಲ್ಲದು, ಮೇಲಾಗಿ ಅದು ಮಕ್ಕಳು ಆಡುವ ನೆಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದುದನ್ನು ಕಂಡ ಜಿಲ್ಲೆ ನಮ್ಮದು. ಬುಡದ ಸುತ್ತ ಎರಡು ಮೂರು ಅಡಿ ಹುಲ್ಲನ್ನು ಕೈಯಲ್ಲೇ ಕಿತ್ತು, ಮೂರು ನಾಲ್ಕು ಅಂಗುಲ ದಪ್ಪಕ್ಕೆ ತರಗೆಲೆ ಹರಡಿದರೆ ಯಂತ್ರ ಹತ್ತಿರ ಬರಬೇಕಾದ ಅಗತ್ಯವೇ ಇಲ್ಲ. ತರಗೆಲೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ತಾಗಿ ರಾಶಿ ಬಿದ್ದರೆ ನಮ್ಮ ಮಳೆಗೆ ತೊಗಟೆ ಕೊಳೆಯುತ್ತದೆ.

ಅದೇ ಗುತ್ತಿಗೆಯಲ್ಲಿ ಹಳೆಯ ಮಾವಿನ ಮರದ ತಲೆಯನ್ನೂ ಬೋಳಿಸಿದರು. ಹಾಗೆ ಮೋಟು ಮಾಡಿದ ಕೊಂಬೆಗಳಲ್ಲಿ ಕೊಳೆ ಇಳಿಯುತ್ತದೆ; ಗುಂಪಾಗಿ ಚಿಗುರುವ ನೆಟ್ಟಗಿನ ರೆಂಬೆಗಳಿಗೆ ಹಿಡಿತ ಸಾಲದೆ ಅವು ಬಲಿತ ಮೇಲೆ ಗಾಳಿಗೆ ಸಿಗಿದು ಬೀಳುತ್ತವೆ. ಕೊಂಬೆ ತೆಗೆಯಲೇಬೇಕಾದರೆ ಅದರ ಬುಡದ ಉಬ್ಬಿದ ಉಂಗುರವನ್ನು ಉಳಿಸಿ, ಅದರ ಹೊರಗೆ ಕತ್ತರಿಸಬೇಕು. ಭಾರದ ಕೊಂಬೆಯಾದರೆ ಮೊದಲು ಕೆಳಗಿನಿಂದ ಅರೆಗತ್ತರಿಸದಿದ್ದಲ್ಲಿ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಗಾಯಕ್ಕೆ ಡಾಂಬರು ಬಳಿಯುವುದೂ ಬೇಡ. ಕೇಪಳದ ಸಾಲನ್ನು ಮೊಗ್ಗಿನ ಸಮೇತ ಸವರಿಹಾಕಿದ್ದು ಸಣ್ಣ ನಷ್ಟ, ಅದು ಮತ್ತೆ ಚಿಗುರಿದೆ.

ಇಷ್ಟನ್ನೂ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಏಕೆಂದರೆ ಯಂತ್ರ ಹಿಡಿಯುವ ಕೆಲಸಗಾರರಿಗೆ ಆ ಮಾತು ತಲುಪಿರುವುದೇ ಇಲ್ಲ. ಕರಾರಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆಯಿಸಿ, ಉಳಿಸಬೇಕಾದ ಪ್ರತಿ ಗಿಡದ ಬಳಿ ಎದ್ದು ಕಾಣುವಂತೆ ಗೂಟ ನೆಡಿಸಿ, ಕೆಲಸದ ದಿನ ಸಮಿತಿಯವರೊಬ್ಬರು ಜೊತೆಯಲ್ಲಿರಲಿ. ಹಣ ಪಾವತಿಸುವ ಮುನ್ನ ಬಗ್ಗಿ, ಹುಲ್ಲು ಸರಿಸಿ, ಪ್ರತಿ ಬುಡದ ಸುತ್ತಲೂ ಬೆರಳಾಡಿಸಿ ತೊಗಟೆಯನ್ನು ಪರೀಕ್ಷಿಸಿ. ಕೊನೆಯ ಕಂತನ್ನು ಮುಂದಿನ ಬೇಸಗೆ ಕಳೆಯುವವರೆಗೆ ತಡೆಹಿಡಿಯಲು ಕರಾರಿನಲ್ಲೇ ಅವಕಾಶವಿರಲಿ.